ಯಳಂದೂರಿನ ಜಹಗೀರುದಾರರು

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಆಮೇಲೆ ಮೈಸೂರು ಸೀಮೆಯನ್ನು ಹತೋಟಿಗೆ ತಂದವರಲ್ಲಿ ಇಬ್ಬರು ಮುಖ್ಯರು: ದಿವಾನ್ ಪೂರ್ಣಯ್ಯನವರು ಮತ್ತು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ಇಬ್ಬರಿಗೂ ಭೂಮಿ ಇನಾಮಾಗಿ ಬಂತು. ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರು. ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡು, ಆಮೇಲೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲೆಸ್ಲಿಗೆ 1817ರಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫೀಲ್ಡ್ ಸೇ ಎಸ್ಟೇಟು. ಅವನ ವಂಶದವರು ಇಂದಿಗೂ ಅಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ, ವಾಟರ್‌ಲೂ ಗೆದ್ದ ದಿನಕ್ಕೆ, ದೊರೆಗೆ ಒಂದು ಪುಟ್ಟ ಬಾವುಟ ಒಪ್ಪಿಸುತ್ತಾರೆ. ಆ ಜಮೀನಿಗೆ ಅದೇ ಗುತ್ತಿಗೆ! ಭೂಮಿಯೆಲ್ಲ ದೊರೆಯದು, ಹಿಡಿದವನು ಸೇವೆ ಸಲ್ಲಿಸಬೇಕು ಎಂಬ ನಾರ್ಮನ್ ಕಾಲದ ಕಟ್ಟಳೆ ಹಾಗೆ ಜೀವ ಹಿಡಿದುಕೊಂಡಿದೆ.

ಪೂರ್ಣಯ್ಯನವರು ಹುಟ್ಟು ಶ್ರೀಮಂತರಲ್ಲ. ಲೆಕ್ಕಪತ್ರದ ಜಾಣ್ಮೆಯಿಂದ ಹೈದರ್ ಅಲಿಯ ದರ್ಬಾರು ಸೇರಿದವರು. 1782ರಲ್ಲಿ ಹೈದರ್ ದಂಡಿನ ಬೀಡಿನಲ್ಲೇ ತೀರಿಕೊಂಡಾಗ, ಟಿಪ್ಪು ಬಂದು ಸೇರುವವರೆಗೆ ಸುದ್ದಿ ಹೊರಬೀಳದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. ಅಪ್ಪನಿಗೆ, ಮಗನಿಗೆ, ಆ ಮಗನನ್ನು ಸೋಲಿಸಿದವರು ಪಟ್ಟಕ್ಕೆ ಕೂರಿಸಿದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹೀಗೆ ಮೂವರಿಗೆ ದುಡಿದರು. ಇದನ್ನು ನಿಷ್ಠೆ ಎನ್ನುವವರೂ ಇದ್ದಾರೆ, ಸಮಯಸಾಧಕತನ ಎನ್ನುವವರೂ ಇದ್ದಾರೆ. ಕಂದಾಯದ ಲೆಕ್ಕ ಅವರಷ್ಟು ಬಲ್ಲವರು ಆಗ ಇನ್ನೊಬ್ಬರಿರಲಿಲ್ಲ ಎಂಬುದು ನನಗೆ ಹೆಚ್ಚು ನಂಬುವಂಥ ಕಾರಣ. 1811ರಲ್ಲಿ ಅಧಿಕಾರ ಬಿಟ್ಟು, ಮರುವರ್ಷವೇ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು.

ಜಹಗೀರು ಮಾತ್ರ ವಂಶಪಾರಂಪರ್ಯವಾಗಿ ಉಳಿಯಿತು. ಜಹಗೀರುದಾರ ಸರ್ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ತಾವೇ ಮೈಸೂರಿನ ದಿವಾನರಾದರು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಅವರ ಕಾಲದಲ್ಲೇ, 1902ರಲ್ಲಿ. ಆ ಶಿವನಸಮುದ್ರವೂ ಹಿಂದೊಮ್ಮೆ ಜಹಗೀರೇ. ಹಾಳುಬಿದ್ದ ಸೇತುವೆಯನ್ನು ಮತ್ತೆ ಕಟ್ಟಿಸಿದ್ದಕ್ಕೆ ರಾಮಸ್ವಾಮಿ ಮೊದಲಿಯಾರ್ ಎಂಬುವರಿಗೆ ಸಿಕ್ಕಿದ್ದು.

ಪೂರ್ಣಯ್ಯನವರಿಗೂ ಮೊದಲು ಯಳಂದೂರಿಗೆ ಬೇರೆ ಒಡೆಯರಿದ್ದರು, ಹದಿನಾಡಿನ ಪಾಳೆಯಗಾರರು. ಊರ ನಡುವಿನ ಗೌರೀಶ್ವರ ದೇವಾಲಯ ಅವರ ಕೊಡುಗೆ. ಅದರ ಮುಂದಿನ ಬಳೇಮಂಟಪ 17ನೇ ಶತಮಾನದಲ್ಲಿ ಮುದ್ದುರಾಜ ಕಟ್ಟಿಸಿದ್ದು. ಒಂದರೊಳಗೊಂದು ಸಿಕ್ಕಿಸಿದ ಕಲ್ಲಿನ ಬಳೆಗಳ ಸರಪಣಿ ಅದರ ಮೂಲೆಗಳಲ್ಲಿ ತೂಗುತ್ತಿತ್ತು. ರಾಜಶೇಖರ ವಿಳಾಸ ಬರೆದ ಷಡಕ್ಷರದೇವ ಮಳವಳ್ಳಿ ಸೀಮೆಯ ಧನಗೂರಿನವನು, ಯಳಂದೂರಿನ ಮಠದ ಸ್ವಾಮಿಯಾಗಿದ್ದ. ಹದಿಬದೆಯ ಧರ್ಮ ಬರೆದ ಸಂಚಿ ಹೊನ್ನಮ್ಮನೂ ಈ ಊರಿನವಳೇ. ದೇವಾಲಯ, ಬಳೇಮಂಟಪ ಕಟ್ಟಿಸಿದ ಹಳೆಯ ಒಡೆಯರ ಮುಂದೆ ಜಹಗೀರುದಾರರು ಊರಿಗೆ ಬಿಟ್ಟುಹೋದದ್ದು ಸಪ್ಪೆಯೇ. ಅವರ ಮನಸ್ಸೆಲ್ಲ ಮೈಸೂರು, ಬೆಂಗಳೂರುಗಳಲ್ಲಿತ್ತು.

ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ ಇನಾಂ ರದ್ದತಿ ಕಾಯಿದೆಗಳು ಬಂದವು. ಇಂಗ್ಲೆಂಡಿನ ಡ್ಯೂಕನಿಗೆ ಉಳಿದದ್ದು ಇಲ್ಲಿ ಹೋಯಿತು. ಉಳುವವರ ಮೇಲಿದ್ದ ಇನ್ನೊಬ್ಬ ಧಣಿ ಕಡಿಮೆಯಾದ, ಒಳ್ಳೆಯದೇ ಆಯಿತು. ಆದರೆ ಜಹಗೀರಿನ ಒಂದು ಗುರುತು ಅಳಿಯಲಿಲ್ಲ. ನೂರು ಚದರ ಮೈಲಿಗೆ ತುಸು ಮೇಲಿದ್ದ ಅದರ ವಿಸ್ತಾರವೇ ಇಂದಿನ ಯಳಂದೂರು ತಾಲ್ಲೂಕಿನ ವಿಸ್ತಾರ. ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲಿ ಅದೂ ಒಂದು.

ಮಂಡ್ಯ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ಈ ಊರನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ದಾಟಿಬಿಡುತ್ತಾರೆ. ಜಹಗೀರುದಾರರ ಬಂಗಲೆ ಈಗ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ. ಮುಂದಿನ ಸಲ ಅರ್ಧ ದಿನ ಇಲ್ಲಿ ಇಳಿಯಿರಿ. ಬಳೇಮಂಟಪವನ್ನು ಮೊದಲು ನೋಡಿ, ಬಂಗಲೆಯನ್ನು ಆಮೇಲೆ.