ಒಬ್ಬ ಶರೀಫಜ್ಜ, ನೂರಾರು ಕೊರಳು

ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ನೀವು ಕೇಳಿಯೇ ಇರುತ್ತೀರಿ. ಆದರೆ ಶರೀಫರ ದನಿಯಲ್ಲಿ? ಅದು ಯಾರಿಗೂ ಸಿಗದು. ಅವರು ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದ ಹಾಡುಗಳು ಗ್ರಾಮಫೋನ್ ತಟ್ಟೆ ಏರಿದ್ದು 1902ರಲ್ಲಿ. ಅಲ್ಲಿಯವರೆಗೂ, ಆಮೇಲೂ ಈ ಪದಗಳನ್ನು ಕಾಪಾಡಿದ್ದು ಉತ್ತರ ಕರ್ನಾಟಕದ ಭಜನಾ ಮೇಳಗಳು. ಮುಂದೆ ಸಿ. ಅಶ್ವಥ್ ರಾಗ ಹಾಕಿ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ನಾಗಾಭರಣರ ಸಿನಿಮಾ ಬಂತು. 2008ರಲ್ಲಿ ರಘು ದೀಕ್ಷಿತ್ ಅದೇ ಗುಡುಗುಡಿಯನ್ನು ಗಿಟಾರ್ ಜೊತೆ ಹಾಡಿದರು.

ಇವುಗಳಲ್ಲಿ ಅಸಲಿ ಯಾವುದು ಎಂಬ ಜಗಳ ಬೇಡ. ಮೂಲ ಮುದ್ರಿಕೆಯೇ ಇಲ್ಲದ ಹಾಡಿಗೆ ಹಾಡಿದವರೆಲ್ಲ ವಾರಸುದಾರರು. ನಿಮ್ಮ ಮನೆಯ ಹಿರಿಯರಿಗೆ ಊರಿನ ಹಳೆಯ ಧಾಟಿ ಗೊತ್ತಿದ್ದರೆ ಇವತ್ತೇ ಹಾಡಿಸಿ, ಮಕ್ಕಳಿಗೆ ಕಲಿಸಿ. ಹಾಡುವ ಬಾಯಿ ನಿಂತರೆ ಆ ಧಾಟಿಯೂ ಅಲ್ಲಿಗೇ ನಿಲ್ಲುತ್ತದೆ.