ರಕ್ತಕ್ಕೆ ಬೆಲೆ ಕಟ್ಟಿದರೆ

‘ಎರಡು ಬಾಟ್ಲಿ ಬೇಕು. ಬದಲಿಗೆ ಕೊಡೋರು ಯಾರಿದ್ದಾರೆ?’ ಆಪರೇಷನ್‌ಗೆ ದಿನ ಗೊತ್ತಾದ ಮನೆಯವರಿಗೆ ಬ್ಲಡ್ ಬ್ಯಾಂಕಿನ ಈ ಪ್ರಶ್ನೆ ಹೊಸದಲ್ಲ. ಭಾವನಿಂದ ಹಿಡಿದು ಓಣಿಯ ಹುಡುಗರವರೆಗೆ ಫೋನು ಹೋಗುತ್ತದೆ. ಬಂದವರು ಹಣ ಮುಟ್ಟುವುದಿಲ್ಲ, ನಿಜ. ಆದರೆ ಕೊಡುವುದು ತಮ್ಮವರಿಗಾಗಿ. ಇದು ದಾನವೋ, ಲೆಕ್ಕಾಚಾರವೋ?

ಬೆಲೆ ಏರಿದರೆ ಪೂರೈಕೆಯೂ ಏರುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ರಕ್ತದ ಮಟ್ಟಿಗೆ ಅದು ನಡೆಯದು ಎಂದು 1970ರಲ್ಲಿ ವಾದಿಸಿದವರು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್. ಅಮೆರಿಕದಲ್ಲಿ ಎಷ್ಟೋ ಬಡವರು ದುಡ್ಡಿಗಾಗಿ ರಕ್ತ ಕೊಡುತ್ತಿದ್ದರು. ಹಿಂದೆ ಕಾಮಾಲೆ ಬಂದಿತ್ತೇ ಎಂದರೆ ‘ಇಲ್ಲ’ ಎನ್ನಲು ಅವರಿಗೆ ಕಾರಣವಿತ್ತು. ಪುಕ್ಕಟೆ ಕೊಡುವವನಿಗೆ ಸುಳ್ಳಿನಿಂದ ಆಗಬೇಕಾದದ್ದೇನೂ ಇಲ್ಲ. ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಒಪ್ಪಲಿಲ್ಲ. ಒಬ್ಬನಿಗೆ ದುಡ್ಡು ಸಿಕ್ಕರೆ ಇನ್ನೊಬ್ಬನ ದಾನಬುದ್ಧಿ ಯಾಕೆ ಬತ್ತಬೇಕು ಎಂಬುದು ಅವರ ತಕರಾರು.

ಉತ್ತರದ ಒಂದು ತುಣುಕು 2008ರಲ್ಲಿ ಸ್ವೀಡನ್ನಿನ ಒಂದು ಅಧ್ಯಯನದಿಂದ ಬಂತು. ರಕ್ತದಾನಿಯಾಗಲು ಆರೋಗ್ಯ ತಪಾಸಣೆಗೆ ಒಪ್ಪುವಿರಾ ಎಂದು ಕೇಳಿದಾಗ ಮಹಿಳೆಯರಲ್ಲಿ ಸುಮಾರು ಶೇ 52 ಮಂದಿ ಹ್ಞೂಂ ಎಂದರು. 50 ಕ್ರೋನರ್ ಕೊಡುತ್ತೇವೆಂದಾಗ ಒಪ್ಪಿದವರು ಶೇ 30. ಬೇಕಿದ್ದರೆ ಆ ಹಣವನ್ನು ಧರ್ಮಕಾರ್ಯಕ್ಕೆ ಕೊಡಬಹುದು ಎಂದದ್ದೇ ತಡ, ಸಂಖ್ಯೆ ಮತ್ತೆ 53ಕ್ಕೆ ಏರಿತು. ಗಂಡಸರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ದುಡ್ಡಿಗಾಗಿ ಬಂದಳು’ ಎನ್ನಿಸಿಕೊಳ್ಳಲು ಆ ಹೆಂಗಸರಿಗೆ ಮನಸ್ಸಿರಲಿಲ್ಲ ಎಂದು ಕಾಣುತ್ತದೆ. ಮರ್ಯಾದೆಯ ಆಸೆಯೂ ಸ್ವಾರ್ಥವೇ, ಆದರೆ ಕೊಡಿಸುವ ಸ್ವಾರ್ಥ.

ನಮ್ಮಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇರೆಗೆ, 1998ರ ಜನವರಿ 1ರಿಂದ ರಕ್ತ ಮಾರಾಟ ನಿಂತಿತು. ಆ ಜಾಗಕ್ಕೆ ಬದಲಿ ದಾನಿಗಳು ಬಂದರು. ಆದರೆ ನೆಂಟರ ಒತ್ತಾಯಕ್ಕೆ ಬಂದವನೂ ಕಾಯಿಲೆ ಮುಚ್ಚಿಡಬಹುದು. ಯಾರೂ ಸಿಗದ ಮನೆಯವರು ಗುಟ್ಟಾಗಿ ಹಣ ಕೊಟ್ಟು ‘ನೆಂಟ’ನನ್ನು ಕರೆತರುವುದೂ ಉಂಟು. ಮುಂಬಾಗಿಲಲ್ಲಿ ತಡೆದ ವ್ಯಾಪಾರ ಹಿತ್ತಿಲಿನಿಂದ ಬರುವುದು ಹೀಗೆ.

ದಾನದ ರಕ್ತವನ್ನು ಒಮ್ಮೆಲೇ ಕೂಡಿಡಲೂ ಆಗದು: ಕೆಂಪುಕಣಗಳು ಹೆಚ್ಚೆಂದರೆ 42 ದಿನ ಉಳಿಯುತ್ತವೆ, ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ. ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನದ ಸಂಗ್ರಹ ಕಾಲೇಜುಗಳಿಗೆ ರಜೆಯಿರುವ ಮೇ ತಿಂಗಳಿಗೆ ಒದಗದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಅವಧಿ ಮುಗಿದ ವಾರವೇ ಹಳೆಯ ದಾನಿಗೆ ಒಂದು ಫೋನು, ಮನೆ ಹತ್ತಿರವೇ ಶಿಬಿರ, ಬೆನ್ನು ತಟ್ಟುವ ಒಂದು ಸರ್ಟಿಫಿಕೇಟು: ಬ್ಲಡ್ ಬ್ಯಾಂಕು ಇಷ್ಟು ಮಾಡಿದರೆ ನೆಂಟರನ್ನು ಹುಡುಕುವ ಪಾಡು ಅರ್ಧ ತಪ್ಪೀತು.