ಹನ್ನೆರಡು ಸಾವಿರ ತಲೆಮಾರಿನ ಬಳುವಳಿ

ಮನುಷ್ಯನ ಡಿಎನ್‌ಎಯ ಒಂದು ಪ್ರತಿಯಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಓದುತ್ತ ಕುಳಿತರೂ ಮುಗಿಯಲು 98 ವರ್ಷ ಬೇಕು. ಒಂದನೇ ತರಗತಿಯ ಪಾಠ ಓದಲು ತಡವರಿಸುವ ಮಗುವಿನ ಮೈತುಂಬ ಇರುವುದೂ ಇದೇ ಬರಹ.

ಈ ಬರಹದಲ್ಲಿ ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದನ್ನೇ ಕಷ್ಟವಾಗಿಸುವ ತೊಂದರೆ, ಎಲ್ಲಿ ಅಡಗಿದೆ? 1983ರಲ್ಲಿ ಸಂಶೋಧಕಿ ಶೆಲ್ಲಿ ಸ್ಮಿತ್ ಮತ್ತು ಸಂಗಡಿಗರು 15ನೇ ವರ್ಣತಂತುವಿನತ್ತ ಬೆರಳು ತೋರಿಸಿದಾಗ, ಒಂದೋ ಎರಡೋ ವಂಶವಾಹಿಗಳಲ್ಲಿ ಉತ್ತರ ಸಿಕ್ಕೀತೆಂಬ ಆಸೆಯಿತ್ತು. 2022ರಲ್ಲಿ ‘ನೇಚರ್ ಜೆನೆಟಿಕ್ಸ್’ನಲ್ಲಿ ಬಂದ ಅಧ್ಯಯನ ಆ ಆಸೆಗೆ ತೆರೆ ಎಳೆಯಿತು. ತಮಗೆ ಡಿಸ್ಲೆಕ್ಸಿಯಾ ಇದೆಯೆಂದು ಪತ್ತೆಯಾಗಿತ್ತು ಎಂದವರು 51,800 ಮಂದಿ, ಇಲ್ಲವೆಂದವರು 10,87,070 ಮಂದಿ. ಇಷ್ಟು ಜನರ ಡಿಎನ್‌ಎ ಹೋಲಿಸಿದಾಗ ಎದ್ದು ಕಂಡದ್ದು 42 ತಾಣಗಳು. ಒಂದೊಂದರ ಪ್ರಭಾವವೂ ಅತ್ಯಲ್ಪ. ಇನ್ನೂ ಸಿಗದ ತಾಣಗಳು ಎಷ್ಟೋ!

ಆ 42 ತಾಣಗಳಲ್ಲೂ ತಂದೆಯಲ್ಲಿ ಎರಡೆರಡು ಬಗೆಯ ಪ್ರತಿಗಳಿವೆ ಅನ್ನಿ. ಪ್ರತಿ ತಾಣದಲ್ಲೂ ನಾಣ್ಯ ಚಿಮ್ಮಿದಂತೆ, ಎರಡರಲ್ಲೊಂದು ಮಗುವಿಗೆ. ತಾಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಸಾಗಿದರೆ ಸಾಧ್ಯವಿರುವ ಜೋಡಣೆಗಳು ಸುಮಾರು 4.4 ಲಕ್ಷ ಕೋಟಿ: ಇಂದಿನ ಭೂಮಿಯ ಜನಸಂಖ್ಯೆಯ ಐನೂರು ಪಟ್ಟಿಗೂ ಹೆಚ್ಚು. ತಾಯಿಯ ಲೆಕ್ಕ ಬೇರೆ. ಅಕ್ಕ ಪತ್ರಿಕೆಯನ್ನು ಪಟಪಟನೆ ಓದಿದರೆ ತಮ್ಮ ಅದೇ ಸಾಲಿನಲ್ಲಿ ತಡವರಿಸುವುದು ಏಕೆಂಬುದಕ್ಕೆ ಸೋಮಾರಿತನದ ಕಾರಣ ಹುಡುಕಬೇಕಾಗಿಲ್ಲ.

ಹಾಗೆಂದು ಇದು ಬರಿಯ ಅದೃಷ್ಟದ ಆಟವೂ ಅಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಡಿಸ್ಲೆಕ್ಸಿಯಾ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸದ ಶೇ. 40ರಿಂದ 70ರಷ್ಟಕ್ಕೆ ವಂಶವಾಹಿಗಳೇ ಕಾರಣ. ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹತ್ತು ಮಕ್ಕಳಿಗೆ ಈ ತೊಂದರೆಯಿದ್ದರೆ, ಹೆತ್ತವರಿಗೋ ಒಡಹುಟ್ಟಿದವರಿಗೋ ಇರುವ ಮನೆಗಳಲ್ಲಿ ಅದು ಸರಾಸರಿ 45.

ನನಗೆ ಇದಕ್ಕಿಂತ ದಿಗಿಲು ಹುಟ್ಟಿಸುವುದು ಕಾಲದ ಲೆಕ್ಕ. ಮನುಷ್ಯಕುಲಕ್ಕೆ ಸುಮಾರು 3 ಲಕ್ಷ ವರ್ಷ. ತಲೆಮಾರಿಗೆ 25 ವರ್ಷದಂತೆ 12,000 ತಲೆಮಾರು. ಬರವಣಿಗೆ ಹುಟ್ಟಿ ಇನ್ನೂರು ಚಿಲ್ಲರೆ ತಲೆಮಾರು ಕಳೆದಿರಬಹುದು, ಅದೂ ಬೆರಳೆಣಿಕೆಯ ಜನರಿಗೆ. ಹಾಗಾಗಿ ಓದಿಗೆಂದೇ ಹುಟ್ಟಿದ ವಂಶವಾಹಿ ಇರಲು ಸಾಧ್ಯವೇ ಇಲ್ಲ. ಮಾತು ಕೇಳಲು, ಕಣ್ಣಿಗೆ ಕಂಡದ್ದನ್ನು ಗುರುತಿಸಲು ರೂಪುಗೊಂಡ ಮಿದುಳನ್ನೇ ನಾವು ಓದಿಗೆ ಪಳಗಿಸಿದ್ದೇವೆ. ಕನ್ನಡದ ಮಗುವಿಗಂತೂ 34 ವ್ಯಂಜನಕ್ಕೆ 13 ಸ್ವರದ ಗುಣಿತವೆಂದರೇ 442 ರೂಪಗಳು. ಒತ್ತಕ್ಷರಗಳು ಇನ್ನೂ ಬಾಕಿ.

ಡಿಸ್ಲೆಕ್ಸಿಯಾವನ್ನು ಡಿಎನ್‌ಎ ನೋಡಿಯೇ ಹೇಳಿಬಿಡಬಹುದೇ? ಹನ್ನೊಂದು ಲಕ್ಷ ಜನರ ಆ ಮಾಹಿತಿಯಿಂದ, ಸಣ್ಣ ಸಣ್ಣ ಪ್ರಭಾವಗಳನ್ನೆಲ್ಲ ಕೂಡಿಸಿ ಕಟ್ಟಿದ ಅಂಕವೂ ಓದಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಶೇ. 6ರಷ್ಟನ್ನು ಮಾತ್ರ ವಿವರಿಸಬಲ್ಲದು. ‘ಮನೆಯಲ್ಲಿ ಬೇರೆ ಯಾರಿಗಾದರೂ ಓದಲು ಕಷ್ಟವಿತ್ತೇ?’ ಎಂಬ ಹಳೆಯ ಪ್ರಶ್ನೆಯೇ ಇಂದಿಗೂ ಹೆಚ್ಚು ಉಪಯುಕ್ತ. ಆದರೆ ಹಿಂದಿನ ತಲೆಮಾರುಗಳ ಬಗ್ಗೆ ಕೇಳಿದರೆ ಆ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ: 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 18.33. ಉಳಿದ ಶೇ. 81ಕ್ಕೂ ಹೆಚ್ಚು ಜನರಲ್ಲಿ ಈ ಬಳುವಳಿ ಯಾರಲ್ಲಿತ್ತೆಂದು ತಿಳಿಯುವ ಸಂದರ್ಭವೇ ಒದಗಲಿಲ್ಲ. ಅವರ ಮುಂದೆ ಯಾರೂ ಪುಸ್ತಕ ತೆರೆದಿಟ್ಟಿರಲಿಲ್ಲ.